ಒಂದೇ ಪಂದ್ಯ, ಎರಡೂ ತಂಡ

ಪ್ರಶ್ನೆ: ಒಬ್ಬನೇ ಆಟಗಾರ ಒಂದೇ ಪಂದ್ಯದಲ್ಲಿ ಎರಡೂ ತಂಡಗಳ ಪರ ಆಡಿದ್ದುಂಟೇ?

ಉತ್ತರ: ಉಂಟು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಡ್ಯಾನಿ ಜಾನ್ಸನ್ ಹೀಗೆ ಆಡಿದ ಮೊದಲಿಗ. 2024ರ ಜೂನ್ 26ರಂದು ಬೋಸ್ಟನ್‌ನಲ್ಲಿ ರೆಡ್ ಸಾಕ್ಸ್ ವಿರುದ್ಧ ಟೊರಾಂಟೊ ಬ್ಲೂ ಜೇಸ್ ಪರ ಅವರು ಬ್ಯಾಟ್ ಹಿಡಿದು ನಿಂತಿದ್ದಾಗಲೇ ಮಳೆ ಸುರಿದು ಆಟ ನಿಂತಿತು. ಆ ಲೀಗ್‌ನಲ್ಲಿ ಋತುವಿನ ನಡುವೆಯೇ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸಾಮಾನ್ಯವಾಗಿ ಆಟಗಾರನ ಒಪ್ಪಿಗೆಯನ್ನೂ ಕೇಳುವುದಿಲ್ಲ. ಜುಲೈನಲ್ಲಿ ಜಾನ್ಸನ್ ರೆಡ್ ಸಾಕ್ಸ್ ಪಾಲಾದರು.

ಅಮಾನತಾದ ಪಂದ್ಯ ನಿಂತಲ್ಲಿಂದಲೇ ಮುಂದುವರಿಯಬೇಕು, ಆದರೆ ಆಟ ನಿಂತಾಗ ತಂಡದಲ್ಲಿಲ್ಲದವನನ್ನೂ ಬದಲಿಯಾಗಿ ಇಳಿಸಬಹುದು ಎಂಬುದು ನಿಯಮ. ಆಗಸ್ಟ್ 26ರಂದು ಆಟ ಶುರುವಾದಾಗ ಜಾನ್ಸನ್ ಅರ್ಧಕ್ಕೆ ಬಿಟ್ಟ ಬ್ಯಾಟಿಂಗ್ ಮುಗಿಸಲು ಡಾಲ್ಟನ್ ವಾರ್ಶೊ ಬಂದರು. ಅವರ ಹಿಂದೆ ಕ್ಯಾಚರ್ ಆಗಿ ಕುಳಿತಿದ್ದವರು ಯಾರು? ಸಾಕ್ಷಾತ್ ಜಾನ್ಸನ್! ಸ್ಕೋರು ಪಟ್ಟಿಯ ಎರಡೂ ಕಡೆ ಅವರ ಹೆಸರಿದೆ. ಟೊರಾಂಟೊ 4-1ರಿಂದ ಗೆದ್ದಿತು. ಅಂದರೆ ಜಾನ್ಸನ್ ಗೆದ್ದರೋ ಸೋತರೋ, ನೀವೇ ಹೇಳಿ.

ಜೋಯಲ್ ಯಂಗ್‌ಬ್ಲಡ್ ಅವರದು ಇನ್ನೊಂದು ಬಗೆ. 1982ರ ಆಗಸ್ಟ್ 4ರ ಮಧ್ಯಾಹ್ನ ಷಿಕಾಗೊದಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ ಆಡುತ್ತಿದ್ದಾಗಲೇ ಮಾಂಟ್ರಿಯಲ್ ತಂಡದ ಪಾಲಾಗಿ, ರಾತ್ರಿ ಫಿಲಡೆಲ್ಫಿಯಾದಲ್ಲಿ ಹೊಸ ತಂಡಕ್ಕೆ ಆಡಿದರು.

ಎಲ್ಲಕ್ಕಿಂತ ತಮಾಷೆಯದು ಹ್ಯಾರಿ ಚಿಟಿ ಕಥೆ. 1962ರಲ್ಲಿ ಕ್ಲೀವ್‌ಲ್ಯಾಂಡ್ ತಂಡ, ‘ಬದಲಿಗೆ ಯಾರೆಂದು ಆಮೇಲೆ ತಿಳಿಸಿ’ ಎಂಬ ಕರಾರಿನ ಮೇಲೆ ಅವರನ್ನು ಮೆಟ್ಸ್‌ಗೆ ಕೊಟ್ಟಿತು. ಕೆಲವು ವಾರಗಳ ಬಳಿಕ ಮೆಟ್ಸ್ ಬದಲಿಗೆ ಕಳಿಸಿದ್ದು ಚಿಟಿಯನ್ನೇ.