ಮತಾಧಿಕಾರವಿಲ್ಲದ ‘ಪ್ರಥಮ ನಾಗರಿಕ’

ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಹಸ್ತಾಕ್ಷರವಿತ್ತ 56 ಮಂದಿಯಲ್ಲಿ ರೋಮನ್ ಕ್ಯಾಥೊಲಿಕನಾಗಿದ್ದವನು ಚಾರ್ಲ್ಸ್ ಕ್ಯಾರಲ್ ಒಬ್ಬನೇ. ಅವರೆಲ್ಲರಲ್ಲಿ ಅತಿಶಯ ಶ್ರೀಮಂತನೆಂದು ಹೆಸರಾದವನೂ ಅವನೇ. 1737ರಲ್ಲಿ ಮೇರಿಲ್ಯಾಂಡ್ ವಸಾಹತಿನ ಅನ್ನಾಪೊಲಿಸಿನಲ್ಲಿ ಆತನು ಜನಿಸಿದಾಗ, ಕ್ಯಾಥೊಲಿಕರಿಗೂ ಆಶ್ರಯವಾಗಲೆಂದು ಒಂದು ಶತಮಾನದ ಹಿಂದೆ ಕ್ಯಾಲ್ವರ್ಟ್ ಮನೆತನದವರು ನೆಲೆಗೊಳಿಸಿದ್ದ ಆ ನಾಡಿನಲ್ಲಿಯೇ ಕ್ಯಾಥೊಲಿಕನಾದವನು ಮತ ನೀಡುವಂತಿರಲಿಲ್ಲ, ಸರ್ಕಾರದ ಪದವಿಯನ್ನು ವಹಿಸುವಂತಿರಲಿಲ್ಲ, ವಕೀಲಿ ನಡೆಸುವಂತೆಯೂ ಇರಲಿಲ್ಲ. ಭೂಮಿಯನ್ನು ಹೊಂದುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲವಾದ್ದರಿಂದ ಕ್ಯಾರಲ್ ಮನೆತನವು ತಂಬಾಕಿನ ಬೇಸಾಯ, ಲೇವಾದೇವಿ, ಕಬ್ಬಿಣದ ಕಾರ್ಖಾನೆಗಳಿಂದ ಅಪಾರವಾದ ಐಶ್ವರ್ಯವನ್ನು ಸಂಪಾದಿಸಿತು.

ಬಾಲ್ಯದಲ್ಲಿಯೇ ಫ್ರಾನ್ಸಿಗೆ ಹೋಗಿ ಜೆಸ್ಯೂಟ್ ಪಾದ್ರಿಗಳಲ್ಲಿ ವಿದ್ಯಾಭ್ಯಾಸ ಮಾಡಿ, ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಓದಿ 1765ರಲ್ಲಿ ಹಿಂತಿರುಗಿದ ಈ ತರುಣನಿಗೆ, ಕಲಿತ ವಿದ್ಯೆಯನ್ನು ಸ್ವದೇಶದ ಯಾವ ನ್ಯಾಯಾಲಯದಲ್ಲಿಯೂ ಉಪಯೋಗಿಸುವ ಅವಕಾಶವಿರಲಿಲ್ಲ. ಆದರೆ 1773ರಲ್ಲಿ ಅಧಿಕಾರಿಗಳ ಶುಲ್ಕವನ್ನು ಶಾಸನಸಭೆಯ ಸಮ್ಮತಿಯಿಲ್ಲದೆ ಗವರ್ನರನು ತಾನೇ ಗೊತ್ತುಮಾಡಿದ್ದನ್ನು ಡೇನಿಯಲ್ ಡುಲೇನಿಯೆಂಬವನು ಪತ್ರಿಕೆಯಲ್ಲಿ ಸಮರ್ಥಿಸಿದಾಗ, ಕ್ಯಾರಲನು ‘ಪ್ರಥಮ ನಾಗರಿಕ’ನೆಂಬ ಅಂಕಿತದಲ್ಲಿ, ಪ್ರಜೆಗಳ ಒಪ್ಪಿಗೆಯಿಲ್ಲದ ತೆರಿಗೆಗೂ ಇದಕ್ಕೂ ಭೇದವಿಲ್ಲವೆಂದು ಒಂದಾದ ಮೇಲೊಂದರಂತೆ ಪ್ರತ್ಯುತ್ತರಗಳನ್ನು ಬರೆದನು. ಎದುರಾಳಿಯು ಅವನ ಧರ್ಮವನ್ನೇ ಎತ್ತಿ ಹಂಗಿಸಿದನು. ಜನರಾದರೋ ಕ್ಯಾರಲನ ಪಕ್ಷವನ್ನೇ ಹಿಡಿದರು. ಒಂದು ಮತವನ್ನೂ ಹಾಕಲಾರದ ಮನುಷ್ಯನು ಇಡೀ ನಾಡಿನ ಪರವಾಗಿ ಮಾತನಾಡಿದ ಈ ಪ್ರಸಂಗವು ಆತನ ಜೀವನದಲ್ಲಿ ಎಲ್ಲಕ್ಕಿಂತ ಉಜ್ಜ್ವಲವಾದುದೆಂದು ನನಗೆ ತೋರುತ್ತದೆ.

1776ರ ವಸಂತದಲ್ಲಿ ಕ್ಯಾರಲನು ಬೆಂಜಮಿನ್ ಫ್ರಾಂಕ್ಲಿನ್ನನೊಡನೆ ಕೆನಡಾಕ್ಕೆ ಹೋದ ನಿಯೋಗವು ವಿಫಲವಾಯಿತು. ಆಗಸ್ಟ್ 2ರಂದು ಆತನು ಘೋಷಣೆಗೆ ‘ಕ್ಯಾರಲ್ಟನ್ನಿನ ಚಾರ್ಲ್ಸ್ ಕ್ಯಾರಲ್’ ಎಂದು ರುಜು ಹಾಕಿದನು. ದೊರೆಯ ಕಡೆಯವರಿಗೆ ತನ್ನ ಗುರುತು ತಪ್ಪದಿರಲೆಂದು ಹೀಗೆ ಬರೆದನೆಂಬ ಕಥೆಯುಂಟು. ವಾಸ್ತವವಾಗಿ, ಅದೇ ಹೆಸರಿನ ತಂದೆಯಿಂದ ತನ್ನನ್ನು ಬೇರ್ಪಡಿಸಿಕೊಳ್ಳಲು ಬಹುಕಾಲದಿಂದ ರೂಢಿಸಿಕೊಂಡಿದ್ದ ಸಹಿಯದು. ಹಾಗೆಂದು ಅವನ ಸಾಹಸವು ಕಿರಿದಾಗದು, ಏಕೆಂದರೆ ಕ್ರಾಂತಿಯು ಸೋತಿದ್ದರೆ ಅಷ್ಟೂ ಆಸ್ತಿಯು ರಾಜದ್ರೋಹಿಯ ಸೊತ್ತಾಗಿ ಮುಟ್ಟುಗೋಲಿಗೆ ಗುರಿಯಾಗುತ್ತಿತ್ತು.

ಮುಂದೆ ಸೆನೆಟರನಾದ ಆತನು, 1826ರಲ್ಲಿ ಆಡಮ್ಸ್ ಮತ್ತು ಜೆಫರ್ಸನ್ ತೀರಿಕೊಂಡ ಬಳಿಕ, ಸಹಿ ಹಾಕಿದವರಲ್ಲಿ ಬದುಕುಳಿದ ಏಕೈಕ ವ್ಯಕ್ತಿಯಾಗಿ, 1832ರಲ್ಲಿ 95ನೆಯ ವಯಸ್ಸಿನಲ್ಲಿ ನಿಧನನಾದನು. ಆದರೆ ಅವನ ಐಶ್ವರ್ಯವು ನೂರಾರು ಗುಲಾಮರ ದುಡಿಮೆಯ ಫಲವಾಗಿತ್ತೆಂಬುದನ್ನು ಮರೆಮಾಡಿ ಈ ಚರಿತ್ರೆಯನ್ನು ಬರೆಯುವುದು ಅನ್ಯಾಯವಾದೀತು. ದಾಸ್ಯವು ಕೆಡುಕೆಂದು ಅವನು ಬಲ್ಲವನಾಗಿದ್ದನು. ಅದನ್ನು ಕ್ರಮೇಣ ತೊಲಗಿಸುವ ಮಸೂದೆಯೊಂದನ್ನು 1797ರಲ್ಲಿ ಮೇರಿಲ್ಯಾಂಡ್ ಸೆನೆಟ್ಟಿನಲ್ಲಿ ಮಂಡಿಸಿದ್ದನು. ಅದು ಬಿದ್ದುಹೋಯಿತು. ತನ್ನ ಜಮೀನುಗಳಲ್ಲಿ ದುಡಿಯುತ್ತಿದ್ದವರನ್ನು ಬಿಡುಗಡೆ ಮಾಡಲು ಯಾವ ಸಭೆಯ ಅನುಮತಿಯೂ ಅವನಿಗೆ ಬೇಕಿರಲಿಲ್ಲ. ಆದರೂ ಅವರಲ್ಲಿ ಬಹುಮಂದಿ ಅವನ ಮರಣಾನಂತರವೂ ಗುಲಾಮರಾಗಿಯೇ ಉಳಿದರು.