ಸುಣ್ಣದ ಅಂಶ ಸೇರಬೇಕಾದುದು ಎಲುಬಿಗೆ, ರಕ್ತನಾಳಕ್ಕಲ್ಲ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಸುಮಾರು 14ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಚರ್ಮದಲ್ಲಿ ಡಿ ಜೀವಸತ್ವವನ್ನು ಉಂಟುಮಾಡುವ ನೇರಳಾತೀತ ಕಿರಣಗಳು ಇಲ್ಲಿ ವರ್ಷವಿಡೀ ದೊರೆಯುತ್ತವೆ. ಆದರೆ ಊರಿಗೆ ಬಿಸಿಲು ಬೀಳುವುದು ಬೇರೆ, ಅದು ಮೈಗೆ ತಾಗುವುದು ಬೇರೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ದುಡಿಯುತ್ತಾರೆ. ವಯಸ್ಸಾದವರು ಪಡಸಾಲೆಯಲ್ಲೇ ದಿನ ಕಳೆಯುತ್ತಾರೆ. ಮುಪ್ಪಿನಲ್ಲಿ ಡಿ ಜೀವಸತ್ವ ಉಂಟುಮಾಡುವ ಚರ್ಮದ ಸಾಮರ್ಥ್ಯವೂ ಕುಗ್ಗುತ್ತದೆ.

ಚರ್ಮದಲ್ಲಿ ಹುಟ್ಟಿದ ಡಿ ಜೀವಸತ್ವವು ಯಕೃತ್ತಿನಲ್ಲೂ ಬಳಿಕ ಮೂತ್ರಪಿಂಡದಲ್ಲೂ ಮಾರ್ಪಟ್ಟು, ಆಹಾರದಲ್ಲಿರುವ ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕರುಳು ಹೀರಿಕೊಳ್ಳುವಂತೆ ಮಾಡುತ್ತದೆ. ಡಿ ಜೀವಸತ್ವದ ಕೊರತೆಯಾದಾಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಮಟ್ಟ ಕಾಯ್ದುಕೊಳ್ಳಲು ಎಲುಬಿನಿಂದಲೇ ಕ್ಯಾಲ್ಸಿಯಂ ಸೆಳೆಯುತ್ತವೆ; ಈ ಕೊರತೆಯಿಂದಲೇ ಮಕ್ಕಳಲ್ಲಿ ಕಾಲು ಬಾಗುವ ರಿಕೆಟ್ಸ್, ದೊಡ್ಡವರಲ್ಲಿ ಎಲುಬು ಮೆತ್ತಗಾಗುವ ಆಸ್ಟಿಯೊಮಲೇಶಿಯ ತಲೆದೋರುತ್ತವೆ.

ಅಪಧಮನಿಗಳ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳಗಳ, ಗೋಡೆಯಲ್ಲಿ ಎಲುಬಿಗೆ ಸೇರಬೇಕಾದ ಇದೇ ಕ್ಯಾಲ್ಸಿಯಂ ಕೂರುವುದು ಬರಿಯ ಮಡ್ಡಿಗಟ್ಟುವಿಕೆಯಲ್ಲ. ನಾಳದ ಸ್ನಾಯುಕೋಶಗಳೇ ಎಲುಬು ಕಟ್ಟುವ ಕೋಶಗಳ ಗುಣ ತಾಳುವುದರಿಂದ ಆಗುವ ಬದಲಾವಣೆ ಅದು. ಇದನ್ನು ತಡೆಯುವ ಮ್ಯಾಟ್ರಿಕ್ಸ್ ಗ್ಲಾ ಪ್ರೊಟೀನ್ ಚುರುಕಾಗಲು ಸೊಪ್ಪುಗಳಲ್ಲಿರುವ ಕೆ ಜೀವಸತ್ವ ಬೇಕು. ಮಧುಮೇಹ ಮತ್ತು ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ನಾಳಗಳ ಈ ಗಡಸುತನವನ್ನು ಹೆಚ್ಚಿಸುತ್ತವೆ. ಡಿ ಜೀವಸತ್ವ ಅತಿಯಾದರೂ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ನಾಳಗಳಲ್ಲೂ ಮೂತ್ರಪಿಂಡಗಳಲ್ಲೂ ಸಂಗ್ರಹವಾಗಬಹುದು.

ಆಸ್ಟ್ರೇಲಿಯದಲ್ಲಿ 70 ವರ್ಷ ದಾಟಿದ 2,256 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಡಿ ಜೀವಸತ್ವ ಪಡೆದವರೇ ಹೆಚ್ಚಾಗಿ ಬಿದ್ದರು, ಅವರಲ್ಲೇ ಎಲುಬು ಮುರಿತವೂ ಹೆಚ್ಚಿತ್ತು. ಅಮೆರಿಕದ 25,871 ಜನರ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ಸೇವನೆಯಿಂದ ಹೃದಯಾಘಾತ, ಪಾರ್ಶ್ವವಾಯು ತಗ್ಗಲಿಲ್ಲವೆಂದು 2018ರಲ್ಲಿ ತಿಳಿದುಬಂತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಡಿ ಜೀವಸತ್ವ, 1,000 ಮಿಲಿಗ್ರಾಂ ಕ್ಯಾಲ್ಸಿಯಂ ನಿಗದಿಪಡಿಸಿತು. ಹಾಲಿನಲ್ಲಿ ಕಲಸಿ ಕುಡಿಯುವ 60,000 ಯೂನಿಟ್ಟಿನ ಒಂದು ಪುಡಿಯ ಪೊಟ್ಟಣದಲ್ಲಿ 100 ದಿನಗಳ ಪ್ರಮಾಣವಿರುವುದರಿಂದ, ಸೊಂಟನೋವೆಂದ ಮಾತ್ರಕ್ಕೆ ಅದನ್ನು ಅಂಗಡಿಯಿಂದ ತಾವಾಗಿಯೇ ತಂದು ಮೇಲಿಂದ ಮೇಲೆ ಕುಡಿಯುವುದು ಅಪಾಯಕರ. ವೀಳ್ಯದೆಲೆಗೆ ಹೆಸರಾದ ಸವಣೂರಿನ ಸೀಮೆಯಲ್ಲಿ ಎಲೆಗೆ ಹಚ್ಚುವ ಸುಣ್ಣವನ್ನು ಎಲುಬಿನ ಔಷಧವೆಂದು ನೆಚ್ಚಿಕೊಳ್ಳುವುದೂ ಸಲ್ಲದು. ಸುಣ್ಣ ಬೆರೆಸಿ ಎಲೆಯಡಿಕೆಯನ್ನು ಅತಿಯಾಗಿ ಜಗಿದವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ ಪ್ರಕರಣಗಳು ದಾಖಲಾಗಿವೆ, ಅಡಿಕೆಯಂತೂ ಕ್ಯಾನ್ಸರ್‌ಕಾರಕ. ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೂ ಅದರೊಡನೆ ಉಣ್ಣುವ ಎಳ್ಳಿನ ಹಿಂಡಿ, ಮೊಸರು, ಸೊಪ್ಪಿನ ಪಲ್ಯ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಇವುಗಳೊಡನೆ ಮೈಕೈಗೆ ಹಿತಮಿತವಾದ ಬಿಸಿಲು, ರಕ್ತಪರೀಕ್ಷೆಯ ಬಳಿಕ ವೈದ್ಯರು ಹೇಳಿದಷ್ಟೇ ಮದ್ದು ಸೇರಿದರೆ, ಎಲುಬು ಮತ್ತು ರಕ್ತನಾಳ ಎರಡನ್ನೂ ಒಟ್ಟಿಗೆ ಕಾಪಾಡಿಕೊಳ್ಳಬಹುದು.