ಹಂಪೆಯ ಕಲ್ಲುಗಳಿಗೆ ಬೆಳಕು ಹಿಡಿದ ವಾಸ್ತುಶಿಲ್ಪಿ

ಕಳೆದ ಬೇಸಿಗೆಯ ಒಂದು ಭಾನುವಾರ, ಪೂಜೆ ಮುಗಿದ ಬಳಿಕ ಬ್ರೂಕ್‌ಫೀಲ್ಡಿನ ದಂಪತಿಗಳೊಬ್ಬರು ನನ್ನನ್ನು ಕಾಣಲು ಬಂದರು. "ಸ್ವಾಮಿ, ಮಗ ಐದು ವರ್ಷ ವಾಸ್ತುಶಿಲ್ಪ ಓದಿ ಮುಗಿಸಿದ. ಈಗ ಕೆಲಸ ಬೇಡ, ಕ್ಯಾಮೆರಾ ಹಿಡಿದು ಹೊರಡುತ್ತೇನೆ ಅನ್ನುತ್ತಾನೆ. ನೀವಾದರೂ ಅವನಿಗೆ ಬುದ್ಧಿ ಹೇಳಬೇಕು" ಎಂದರು ತಂದೆ. ಓದಿಗೆಂದು ಮಾಡಿದ ಬ್ಯಾಂಕಿನ ಸಾಲ ಇನ್ನೂ ತೀರಿಲ್ಲವೆಂದು ತಾಯಿ ಮೆಲ್ಲನೆ ಸೇರಿಸಿದರು. ಬುದ್ಧಿ ಹೇಳುವ ಮೊದಲು ನನಗೆ ಇದೇ ಹಾದಿಯಲ್ಲಿ ನಡೆದ ಒಬ್ಬರ ನೆನಪಾಯಿತು. ಅವರು ಕನ್ನಡಿಗರಲ್ಲ. ಆದರೆ ಕನ್ನಡ ನಾಡು ಅವರಿಗೆ ಋಣಿಯಾಗಿರಲು ಕಾರಣವಿದೆ.

ಜಾನ್ ಗಾಲಿಂಗ್ಸ್ ಜನಿಸಿದ್ದು 1944ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರು ಕಲಿತದ್ದು ವಾಸ್ತುಶಿಲ್ಪ. ಹೊಟ್ಟೆಪಾಡಿಗೆ ಹಿಡಿದದ್ದು ಜಾಹೀರಾತು ಹಾಗೂ ಫ್ಯಾಷನ್ ಛಾಯಾಗ್ರಹಣ. ಜೊತೆಯಲ್ಲಿ ಓದಿದ ಗೆಳೆಯರು ಕಟ್ಟಡಗಳನ್ನು ಕಟ್ಟತೊಡಗಿದಾಗ, ಅವುಗಳ ಚಿತ್ರ ತೆಗೆದುಕೊಡೆಂದು ಇವರನ್ನು ಕರೆದರು. ಬಿಟ್ಟು ಬಂದ ವಿದ್ಯೆ ಹೀಗೆ ಹಿತ್ತಲ ಬಾಗಿಲಿನಿಂದ ಮರಳಿ ಒಳಗೆ ಬಂದಿತು.

1980ರ ಸುಮಾರಿಗೆ ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಹಾಗೂ ಜಾರ್ಜ್ ಮಿಚೆಲ್ ಹಂಪೆಯಲ್ಲಿ ಬೀಡುಬಿಟ್ಟು, 1565ರ ಯುದ್ಧದ ನಂತರ ಪಾಳುಬಿದ್ದ ವಿಜಯನಗರದ ಅವಶೇಷಗಳನ್ನು ಅಳೆದು ನಕ್ಷೆ ಬರೆಯುವ ದೀರ್ಘ ಕಾರ್ಯವನ್ನು ಕೈಗೊಂಡರು. ಮಿಚೆಲ್ ಕೂಡ ಮೆಲ್ಬರ್ನಿನಲ್ಲಿ ವಾಸ್ತುಶಿಲ್ಪ ಕಲಿತವರೇ. ಅವರೊಡನೆ ಕ್ಯಾಮೆರಾ ಹೊತ್ತು ಬಂದವರು ಗಾಲಿಂಗ್ಸ್.

ಹಂಪೆಯ ಬಿಸಿಲನ್ನು ಕಂಡವರೆಲ್ಲರೂ ಬಲ್ಲರು: ನಡುಹಗಲಿನಲ್ಲಿ ಬಂಡೆ, ಗೋಡೆ, ಕಂಬ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ, ಕೆತ್ತನೆಯ ಆಳವೇ ತಿಳಿಯದಂತಾಗುತ್ತದೆ. ಗಾಲಿಂಗ್ಸ್ ಮುಸ್ಸಂಜೆಯನ್ನೂ ಬೆಳದಿಂಗಳನ್ನೂ ಕಾದರು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತೆ ನಿಲ್ಲಿಸಿ, ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು, ಕೈಯಲ್ಲಿ ಫ್ಲಾಶ್ ಹಿಡಿದು ಕತ್ತಲಲ್ಲಿ ನಡೆಯುವುದು. ಇಲ್ಲೊಂದು ಕಂಬದ ಮರೆಯಿಂದ, ಅಲ್ಲೊಂದು ಮೂಲೆಯಿಂದ ಬೆಳಕು ಚೆಲ್ಲುವುದು. ಕಲ್ಲು ಸ್ವಲ್ಪ ಸ್ವಲ್ಪವಾಗಿ ಚಿತ್ರದೊಳಗೆ ಮೂಡುತ್ತದೆ. ಕತ್ತಲಲ್ಲಿ ಸರಿದಾಡುವ ಮನುಷ್ಯ ಮಾತ್ರ ಅದರಲ್ಲಿ ಮೂಡುವುದೇ ಇಲ್ಲ. ಯಾವ ಭಾಗ ಭಾರ ಹೊರುತ್ತದೆ, ಯಾವುದು ಬರಿಯ ಅಲಂಕಾರ ಎಂಬುದನ್ನು ಬಲ್ಲವನಿಗಷ್ಟೇ ಎಲ್ಲಿ ಬೆಳಕು ಬೀಳಬೇಕೆಂಬುದು ತಿಳಿದೀತು. ಐದು ವರ್ಷದ ಓದು ವ್ಯರ್ಥವಾಯಿತೆಂದು ಕೊರಗುವ ತಂದೆತಾಯಿಗಳಿಗೆ ನಾನು ತೋರಿಸಬಯಸುವುದು ಈ ಚಿತ್ರಗಳನ್ನೇ. 1991ರಲ್ಲಿ ಇವು ಫ್ರಿಟ್ಜ್ ಮತ್ತು ಮಿಚೆಲ್ ಅವರ ಬರಹದೊಂದಿಗೆ ‘ಸಿಟಿ ಆಫ್ ವಿಕ್ಟರಿ’ ಎಂಬ ಗ್ರಂಥವಾಗಿ ಹೊರಬಂದವು.

ಸೌಂದರ್ಯಕ್ಕೆ ಪೂರ್ಣತೆ, ಪ್ರಮಾಣ, ಪ್ರಭೆ ಎಂಬ ಮೂರು ಲಕ್ಷಣಗಳಿರಬೇಕೆಂದು ಗುರುಮಠದಲ್ಲಿ ನಮಗೆ ಸಂತ ತೋಮಸ್ ಅಕ್ವಿನಾಸರನ್ನು ಬೋಧಿಸುತ್ತಿದ್ದರು. ಮುರಿದ ಮಂಟಪದಲ್ಲಿ ಪೂರ್ಣತೆಯೆಲ್ಲಿ ಎಂದು ಈ ಚಿತ್ರಗಳ ಮುಂದೆ ಬಹಳ ಹೊತ್ತು ಯೋಚಿಸಿದ್ದೇನೆ. ಒಂದು ಆಕ್ಷೇಪವೂ ನನಗಿದೆ: ಚಿತ್ರಗಳು ಅತಿ ಸುಂದರವಾಗಿವೆ. ಹಂಪೆ ಎಂದರೆ ಬರಿಯ ಕಲ್ಲಲ್ಲ. ವಿರೂಪಾಕ್ಷ ದೇಗುಲದ ಮುಂದಣ ಬಜಾರಿನ ಮಂಟಪಗಳಲ್ಲಿ ಒಲೆ ಹಚ್ಚಿ ಬಾಳಿದ ಸಂಸಾರಗಳಿದ್ದವು. 2011ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಬೆಳದಿಂಗಳ ಹಂಪೆಯಲ್ಲಿ ಅವರ ಒಲೆಯ ಹೊಗೆ ನನಗೆ ಕಾಣದು.

ಆದರೂ ಗಾಲಿಂಗ್ಸರ ಇನ್ನೊಂದು ಕೆಲಸಕ್ಕೆ ನಾನು ತಲೆಬಾಗುತ್ತೇನೆ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಸೆರೆಹಿಡಿದಿದ್ದರು. ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಗಾಲಿಂಗ್ಸ್ ಮತ್ತೆ ಚಿತ್ರ ತೆಗೆದರು. ಇಂದು ನಮ್ಮ 50 ರೂಪಾಯಿ ನೋಟಿನ ಮೇಲೆ ಅಚ್ಚಾಗಿರುವ ಕಲ್ಲಿನ ರಥವನ್ನು ನೋಡಿ. ಗ್ರೀನ್‌ಲಾರ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ! ಮುಂದೆ ಅದನ್ನು ತೆಗೆದುಹಾಕಲಾಯಿತು. ಆ ಹಳೆಯ ಚಿತ್ರ ಉಳಿಯದಿದ್ದರೆ, ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಾವು ಮಕ್ಕಳಿಗೆ ಹೇಳುತ್ತಿದ್ದೆವು.

ಇಂತಹ ಸಾಕ್ಷ್ಯವನ್ನು ಗಾಲಿಂಗ್ಸ್ ಬೇರೆಡೆಯೂ ಉಳಿಸಿದ್ದಾರೆ. ತಮ್ಮ ದೇಶದ ಸರ್ಫರ್ಸ್ ಪ್ಯಾರಡೈಸ್ ಎಂಬ ಕಡಲತಡಿಯ ಊರಿನ ಬೀದಿಗಳನ್ನು 1973ರಲ್ಲಿ ಚಿತ್ರಿಸಿ, ನಾಲ್ವತ್ತು ವರ್ಷಗಳ ನಂತರ ಮತ್ತೆ ಅಲ್ಲಿಗೇ ಹೋದರು. ಚೀನಾದ ಕಾಶ್ಗರ್ ಪಟ್ಟಣವನ್ನು ಅವರು ಚಿತ್ರಿಸಿದ ಗ್ರಂಥ 2008ರಲ್ಲಿ ಬಂದಿತು. ಮರುವರ್ಷವೇ ಅಲ್ಲಿನ ಮಣ್ಣಿನ ಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಡವಲಾರಂಭಿಸಿದರು.

ಇಷ್ಟನ್ನೂ ಆ ತಂದೆಗೆ ಹೇಳಿ, ಒಂದು ಪ್ರಶ್ನೆ ಕೇಳಿದೆ: ಕುಂದಲಹಳ್ಳಿಯ ಸುತ್ತ ಹೊಲಗಳಿದ್ದ ದಿನಗಳ ಒಂದಾದರೂ ಚಿತ್ರ ನಿಮ್ಮಲ್ಲಿದೆಯೇ? 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಆರಂಭವಾದ ವೈಟ್‌ಫೀಲ್ಡ್‌ನ ಇನ್ನರ್ ಸರ್ಕಲ್‌ನಲ್ಲಿ ಕೆಲವಾದರೂ ಹೆಂಚಿನ ಬಂಗಲೆಗಳು ಉಳಿದಿವೆ. ನಮ್ಮ ಬಡಾವಣೆಯಲ್ಲಿ ಏನಿತ್ತೆಂಬುದು ಮಾತ್ರ ಹಿರಿಯರ ನೆನಪಿನಲ್ಲಷ್ಟೇ ಇದೆ.

ಅವರು ಉತ್ತರಿಸಲಿಲ್ಲ. ಎರಡು ವಾರದ ನಂತರ ತಾಯಿ ಮನೆಯ ಆಲ್ಬಮ್ ತಂದರು. ಮಗನ ಜ್ಞಾನಸ್ನಾನದ ದಿನದ ಚಿತ್ರ. ಮಗುವನ್ನು ಎತ್ತಿಕೊಂಡ ಅಜ್ಜಿಯ ಬೆನ್ನ ಹಿಂದೆ ರಾಗಿ ಹೊಲ, ಒಂದು ಬಾವಿಯ ಕಟ್ಟೆ. ಹುಡುಗ ಈಗ ಆ ಜಾಗವನ್ನು ಹುಡುಕುತ್ತಿದ್ದಾನೆ. ಮದುವೆಗಳ ಚಿತ್ರ ತೆಗೆದು ಸಾಲದ ಕಂತನ್ನೂ ಕಟ್ಟುತ್ತಿದ್ದಾನೆ. ತಂದೆಗೆ ಇನ್ನೂ ಪೂರ್ಣ ಸಮ್ಮತಿಯಿಲ್ಲ. ಓದುಗರಲ್ಲಿ ಯಾರ ಮನೆಯಲ್ಲಾದರೂ ಈ ಭಾಗದ ಹಳೆಯ ಚಿತ್ರಗಳಿದ್ದರೆ ದಯಮಾಡಿ ದೇವಾಲಯದ ಕಚೇರಿಗೆ ತನ್ನಿ. ಪ್ರತಿ ತೆಗೆದುಕೊಂಡು ಅಂದೇ ಹಿಂದಿರುಗಿಸುತ್ತಾನೆ.